ಪುಟ್ಟನ ಕಾಲಿನ ಗಂಟು

ಮ್ಯೂಸಿಯಮ್ಮಿನ ಹಿಂಬದಿಯ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದ ಆ ಮಗುವಿಗೆ ಹೆಸರಿರಲಿಲ್ಲ. ಪೆಟ್ಟಿಗೆಯ ಮುಂದಿನ ಫಲಕದಲ್ಲಿ ‘ಮಗುವಿನ ಮಮ್ಮಿ, ವಯಸ್ಸು ಸುಮಾರು ನಾಲ್ಕು’ ಎಂದಷ್ಟೇ ಬರೆದಿತ್ತು. ಕೆಲಸದವರೆಲ್ಲ ಅದನ್ನು ಪುಟ್ಟ ಎಂದು ಕರೆಯುತ್ತಿದ್ದರು. ಹಾಗೆ ಕರೆಯಲು ಶುರುಮಾಡಿದವನು ಬೀಗದಣ್ಣ. ಬೆಳಗ್ಗೆ ಬಾಗಿಲು ತೆಗೆಯುತ್ತ, “ಏಳೋ ಪುಟ್ಟಾ, ಎಷ್ಟು ಸಾವಿರ ವರ್ಷ ಮಲಗ್ತೀಯಾ?” ಎನ್ನುವುದು, ಸಂಜೆ ಮುಚ್ಚುತ್ತ, “ಸಾಕು, ಇನ್ನು ಮಲಕ್ಕೋ, ಇಡೀ ದಿನ ಓಡಾಡಿ ಸುಸ್ತಾಗಿದೀಯ” ಎನ್ನುವುದು ಅವನ ರೂಢಿ. ಇಬ್ಬರೂ ದಿನವಿಡೀ ಕೂತಲ್ಲೇ ಕೂತಿರುವವರು, ಮಲಗಿದಲ್ಲೇ ಮಲಗಿರುವವರು. ಹಾಗಾಗಿ ಅವರ ನಡುವೆ ಒಳ್ಳೆಯ ಹೊಂದಾಣಿಕೆಯಿತ್ತು.

ಶಾಲೆಯ ಮಕ್ಕಳು ಸಾಲಾಗಿ ಬಂದಾಗಲೆಲ್ಲ ಆ ಕೋಣೆಯಲ್ಲಿ ಒಂದು ನಗೆಚಟಾಕಿ ಹಾರುತ್ತಿತ್ತು. ಪ್ರತಿ ತರಗತಿಯಲ್ಲೂ ಅದನ್ನು ತಾನೇ ಮೊದಲು ಕಂಡುಹಿಡಿದೆನೆಂದು ಬೀಗುವ ಒಂದು ಮಗು ಇದ್ದೇ ಇರುತ್ತದೆ.

“ಮಿಸ್, ಮಮ್ಮಿ ಅಂದ್ರೆ ಅಮ್ಮ ಅಲ್ವಾ? ಇಷ್ಟು ಚಿಕ್ಕ ಮಮ್ಮೀನಾ?”

ಆಗ ಮೇಡಂ ಬೇಸರಿಸಿಕೊಳ್ಳದೆ ವಿವರಿಸುತ್ತಿದ್ದರು. ಮ್ಯೂಸಿಯಮ್ಮಿನ ಹಳೆಯ ವಸ್ತುಗಳೆಲ್ಲ ಅವರ ಉಸ್ತುವಾರಿಯಲ್ಲಿದ್ದವು. “ಆ ಪದಕ್ಕೂ ಅಮ್ಮಂಗೂ ಸಂಬಂಧ ಇಲ್ಲ ಮಕ್ಕಳೇ. ಮೊದಲು ಅದು ಮೇಣದ ಹೆಸರು. ಆಮೇಲೆ ಬಂಡೆ ಸಂದಿಯಿಂದ ಒಸರೋ ಕರೀ ಅಂಟಿಗೆ ಆ ಹೆಸರು ಬಂತು. ಅದನ್ನ ಮದ್ದು ಅಂತ ಮಾರ್ತಿದ್ರು. ಈ ಹೆಣಗಳಿಗೆ ಬಳಿದಿದ್ದೂ ಅದೇ ಅಂಟು ಅಂತ ಜನ ಅಂದ್ಕೊಂಡ್ರು, ಹೆಣಕ್ಕೂ ಅದೇ ಹೆಸರಾಯ್ತು. ಕೊನೆಗೆ ಹೆಣಗಳನ್ನೇ ಕುಟ್ಟಿ ಪುಡಿ ಮಾಡಿ ಸೀಸೆಗೆ ತುಂಬಿ ಮಾರಿದ್ರು.”

“ಜನ ತಿಂದ್ರಾ ಮಿಸ್?”

“ತಿಂದ್ರು.”

“ಛೀ!” ಎಂದು ಇಡೀ ಸಾಲು ಒಂದೇ ದನಿಯಲ್ಲಿ ಕೂಗುತ್ತಿತ್ತು. ತೆಳು ಹಲಗೆಯ ಗೋಡೆಯಾಚೆ, ಕೆಲಸದ ಕೋಣೆಯಲ್ಲಿ ಕೂತ ಸೂಜಿಯಕ್ಕನಿಗೆ ಇದೆಲ್ಲ ಬಾಯಿಪಾಠವಾಗಿತ್ತು. ಆದರೂ ‘ಕುಟ್ಟಿ ಪುಡಿ ಮಾಡಿ’ ಎಂಬಲ್ಲಿಗೆ ಬಂದಾಗ ಅವಳ ಸೂಜಿ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿತ್ತು.

ಹಳೆಯ ಬಟ್ಟೆಗಳನ್ನು ದುರಸ್ತಿ ಮಾಡುವುದು ಅವಳ ಕೆಲಸ. ರಾಜರ ಅಂಗಿ, ಹರಿದ ಬಾವುಟ, ಹುಳು ತಿಂದ ಜಮಖಾನ, ಪುಟ್ಟನ ಮೈಗೆ ಸುತ್ತಿದ ನಾರುಬಟ್ಟೆ, ಎಲ್ಲವೂ ಅವಳ ಮೇಜಿಗೇ ಬರುತ್ತಿದ್ದವು. ಕೂದಲೆಳೆಗಿಂತ ತೆಳುವಾದ ರೇಷ್ಮೆದಾರ, ಉಗುರಿನಂತೆ ಬಾಗಿದ ಸೂಜಿ, ಬಿಳಿ ಕೈಗವಸು, ಉಸಿರು ತಗುಲದಂತೆ ಮುಖಕ್ಕೊಂದು ಬಟ್ಟೆ. ಬೆರಳು ಒತ್ತಿದರೆ ಬೂದಿಯಾಗುವ ಬಟ್ಟೆಯನ್ನು ಬೆರಳು ತಾಗಿಸದೆಯೇ ಹೊಲಿಯಬೇಕು. ಅವಳಿಗೆ ಈ ಕೆಲಸ ಕಲಿಸಿದ ಮುದುಕಿ ಮೊದಲ ದಿನವೇ ಹೇಳಿದ್ದ ಮಾತು ಇದು:

“ನಾವು ಹೊಲಿಯೋದು ಬಿಗಿಯೋಕಲ್ಲ ಕಣೇ, ಬಿಚ್ಚೋಕೆ. ನಮಗಿಂತ ಜಾಣರು ಮುಂದೆ ಬರ್ತಾರೆ. ಅವರು ಒಂದು ಎಳೆ ಎಳೆದ್ರೆ ನಮ್ಮ ಕೆಲಸವೆಲ್ಲ ಸರಾಗವಾಗಿ ಕೈಗೆ ಬಂದ್ಬಿಡಬೇಕು, ಬಟ್ಟೆಗೆ ನೋವಾಗ್ಬಾರ್ದು. ಅದಕ್ಕೇ ಗಂಟು ಹಾಕ್ಬೇಡ. ಗಂಟು ಹಾಕೋದು ಅಂದ್ರೆ ನನ್ನ ಬಿಟ್ರೆ ಇನ್ಯಾರೂ ಇಲ್ಲ ಅಂದ ಹಾಗೆ.”

ಮುದುಕಿ ಕೆಲಸ ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಸೂಜಿಯಕ್ಕ ಆ ಮಾತನ್ನು ಮೀರಿದ್ದು ಒಂದೇ ಒಂದು ಸಲ. ಅದು ಪುಟ್ಟನ ಬಲಗಾಲಿನ ಪಾದದ ಹತ್ತಿರ.

ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಏಳು ತುಂಬಲೇ ಇಲ್ಲ. ಶಾಲೆಯ ಮಕ್ಕಳನ್ನು ಹೊಳೆಯಾಚೆ ಕರೆದೊಯ್ದ ದೋಣಿ ಮಗುಚಿತು. ಉಳಿದ ಮಕ್ಕಳೆಲ್ಲ ಸಿಕ್ಕರು, ಕೆಲವರು ಜೀವಂತ, ಕೆಲವರು ಹೆಣವಾಗಿ. ದೊಡ್ಡವಳು ಮಾತ್ರ ಎರಡು ಥರದಲ್ಲೂ ಸಿಗಲಿಲ್ಲ. ನೀರು ಇಳಿಯಿತು, ಹುಡುಕುವವರು ಬಲೆ ಮಡಚಿಕೊಂಡು ಹೋದರು, ಸಮಾಧಾನ ಹೇಳುವವರೂ ಸೋತು ಹೋದರು. ಸುಡಲು, ಹೂಳಲು, ಕಣ್ತುಂಬ ನೋಡಿ ಅಳಲು ಏನೂ ಇರಲಿಲ್ಲ. ಇದ್ದದ್ದು ಒಂದೇ: ದೋಣಿ ಹತ್ತುವ ಹಿಂದಿನ ವಾರ ಬಿದ್ದಿದ್ದ ಅವಳ ಮೊದಲ ಹಾಲುಹಲ್ಲು. ಗುಂಡಿ ಹಾಕಿಡುವ ತಗಡಿನ ಡಬ್ಬಿಯಲ್ಲಿ, ಹತ್ತಿಯ ಮೇಲೆ ಅದನ್ನು ಅವಳೇ ಮಲಗಿಸಿದ್ದಳು. ಅವಳು ಮೆಟ್ಟಿಲ ಮೇಲೆ ಎಡವಿ ಬಿದ್ದಾಗ ಹಲ್ಲಿನ ಒಂದು ಮೂಲೆ ಚಕ್ಕೆ ಎದ್ದಿತ್ತು.

ಸೂಜಿಯಕ್ಕನ ಗಂಡ ಲಿಫ್ಟ್ ರಿಪೇರಿಯವನು. ಮೇಲೆ ಕೆಳಗೆ ಹೋಗುವುದೇ ಬದುಕು ಎಂದು ತಿಳಿದ ಮನುಷ್ಯ, ಎಲ್ಲೂ ನಿಂತು ಜಗ್ಗಾಡುವವನಲ್ಲ. ಕೆಲವು ತಿಂಗಳು ಕಳೆದ ಮೇಲೆ ಅವನೇ ಒಂದು ದಿನ ಮೆಲ್ಲಗೆ ಹೇಳಿದ. “ಆ ಹಲ್ಲನ್ನ ಹೊಳೆಗೆ ಬಿಟ್ಬಿಡೋಣ ಕಣೇ. ಅವಳು ಎಲ್ಲಿದಾಳೋ ಅಲ್ಲಿಗೇ ಹೋಗ್ಲಿ. ನಾವೂ ಅತ್ತು ಮುಗಿಸೋಣ.”

ಅತ್ತು ಮುಗಿಸುವುದು! ಅಳುವುದನ್ನು ಪಾತ್ರೆ ತೊಳೆದಂತೆ ಮುಗಿಸಿ ಕೈ ಒರೆಸಿಕೊಳ್ಳಬಹುದೆಂದು ಗಂಡಸರಿಗೆ ಯಾರು ಹೇಳಿಕೊಟ್ಟರೋ! ಹೊಳೆ ಒಮ್ಮೆ ತೆಗೆದುಕೊಂಡದ್ದು ಸಾಲದೆ? ಅವಳು ಆಯಿತು ಎಂದಳು. ಮಾರನೆಯ ದಿನ ಡಬ್ಬಿ ತೊಳೆಯುವಾಗ ಹಲ್ಲು ಕಳೆದುಹೋಯಿತು ಎಂದಳು.

ಆ ವಾರ ಪುಟ್ಟ ಅವಳ ಮೇಜಿನ ಮೇಲಿದ್ದ. ಪಾದದ ಹತ್ತಿರ ಬಟ್ಟೆ ಸಡಿಲವಾಗಿತ್ತು. ಮಡಿಕೆಯನ್ನು ಎತ್ತಿದಾಗ ಒಳಗೆ ಒಂದು ಪುಟ್ಟ ಗೂಡಿನಂಥ ಜಾಗ ಕಂಡಿತು, ಒಣಗಿದ, ಬೆಚ್ಚನೆಯ, ಇರುವೆಯೂ ಬಾರದ ಜಾಗ. ರಾಜ್ಯಗಳು ಬಂದು ಹೋದವು, ಭಾಷೆಗಳು ಸತ್ತವು. ಈ ಮಗುವಿನ ಕಾಲಬೆರಳಿನ ಉಗುರು ಮಾತ್ರ ಹಾಗೇ ಇತ್ತು. ಏನನ್ನಾದರೂ ಕೆಡದಂತೆ ಇಡಲು ಇದಕ್ಕಿಂತ ಒಳ್ಳೆಯ ಜಾಗ ಲೋಕದಲ್ಲಿ ಎಲ್ಲಿದೆ? ಅವಳು ಸೆರಗಿನ ತುದಿಯಿಂದ ಹಲ್ಲನ್ನು ಬಿಚ್ಚಿ ತೆಗೆದು ಒಳಗಿಟ್ಟಳು. ಮಡಿಕೆ ಮುಚ್ಚಿ ಹೊಲಿದಳು. ಕೊನೆಯ ಎಳೆಗೆ ಬಂದಾಗ, ಅವಳು ಬೇಡವೆನ್ನುವ ಮೊದಲೇ ಕೈ ತಾನಾಗಿ ಒಂದು ಗಂಟು ಹಾಕಿತು. ಅದರ ಮೇಲೆ ಇನ್ನೊಂದು.

ಅಂದಿನಿಂದ ಆ ಗಾಜಿನ ಪೆಟ್ಟಿಗೆಯೇ ಅವಳ ಮಗಳ ಸಮಾಧಿ. ಬೆಳಗ್ಗೆ ಕೆಲಸಕ್ಕೆ ಕೂರುವ ಮೊದಲು ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದಳು. ಗಾಜು ಒರೆಸುವವರಿದ್ದರೂ ತಾನೇ ಒರೆಸುತ್ತಿದ್ದಳು. ಚಿಕ್ಕವಳು ಹುಟ್ಟಿದಳು, ಬೆಳೆದಳು, ಅಕ್ಕನ ವಯಸ್ಸನ್ನು ದಾಟಿದಳು, ಕಾಲೇಜಿಗೂ ಹೋದಳು. ಆದರೂ ಮನೆಯಲ್ಲಿ ಆರು ವರ್ಷದವಳೇ ದೊಡ್ಡವಳು, ಅಮ್ಮನಷ್ಟೇ ಎತ್ತರದವಳು ಚಿಕ್ಕವಳು. ಸಣ್ಣವಳಿದ್ದಾಗ ಒಮ್ಮೆ ಮ್ಯೂಸಿಯಮ್ಮಿಗೆ ಬಂದು, ಗಾಜಿಗೆ ಮೂಗು ಒತ್ತಿ, “ಅಮ್ಮಾ, ನೀನು ಇವನನ್ನ ನೋಡೋ ಥರ ನನ್ನ ನೋಡೋದೇ ಇಲ್ಲ” ಎಂದಿದ್ದಳು. ಬೀಗದಣ್ಣ ನಗುತ್ತ, “ನೀನೂ ಅವನ ಹಾಗೆ ಅಲ್ಲಾಡದೆ ಮಲಗಿರು, ನೋಡ್ತಾಳೆ” ಎಂದಿದ್ದ. ಎಲ್ಲರೂ ನಕ್ಕಿದ್ದರು.

ಈಗ ಪೆಟ್ಟಿಗೆಯ ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ತೇವ ಒಳಗೆ ಹೋಗಿ ಪುಟ್ಟನ ಬೆನ್ನಿನ ಕೆಳಗೆ ಕರೀ ಅಂಟು ಒಸರತೊಡಗಿತ್ತು. ಒಳಗೆ ಏನು ಕೆಟ್ಟಿದೆ ಎಂದು ನೋಡಲು ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸುವುದೆಂದು ಮೇಡಂ ನಿಶ್ಚಯಿಸಿದರು. ಸುದ್ದಿ ಕೇಳಿ ಸೂಜಿಯಕ್ಕ ಹೊಲಿಗೆ ಬಿಟ್ಟು ಎದ್ದು ಬಂದಳು. “ಬೇಡ ಮೇಡಂ, ಅಲ್ಲಾಡಿಸಿದ್ರೆ ಬಟ್ಟೆ ಉದುರ್ತದೆ” ಎಂದಳು.

“ಅದಕ್ಕೇ ನೀವೂ ಜೊತೆಗೆ ಬರ್ಬೇಕು” ಎಂದರು ಮೇಡಂ.

ಸ್ಪಂಜಿನ ಹಾಸಿಗೆಯ ಮೇಲೆ ಪುಟ್ಟನನ್ನು ಮಲಗಿಸಿಕೊಂಡು ವ್ಯಾನಿನಲ್ಲಿ ಹೊರಟರು. ಬೀಗದಣ್ಣ ದಾರಿಯುದ್ದಕ್ಕೂ ಡ್ರೈವರಿಗೆ, “ನಿಧಾನ ಕಣಯ್ಯಾ, ಮಗು ಎದ್ದುಬಿಟ್ಟೀತು” ಎನ್ನುತ್ತಿದ್ದ. ಆಸ್ಪತ್ರೆಯ ಹಜಾರದಲ್ಲಿ ಸರದಿಗೆ ಕಾಯುತ್ತಿದ್ದ ಒಬ್ಬ ಮುದುಕ, “ನಾವು ಮುಂಜಾನೆಯಿಂದ ಕೂತಿದೀವಿ, ಇವರಿಗೆ ಮೊದಲು ಯಾಕೆ?” ಎಂದು ಜಗಳ ತೆಗೆದ. “ತಾತಾ, ಇವನು ನಿಮಗಿಂತ ಹಿರಿಯ” ಎಂದ ಬೀಗದಣ್ಣ. ಸೂಜಿಯಕ್ಕನಿಗೆ ನಗು ಬರಲಿಲ್ಲ.

ಸ್ಕ್ಯಾನ್ ಮಾಡುವ ಹುಡುಗಿ ಪರದೆಯ ಮೇಲೆ ಪುಟ್ಟನನ್ನು ತಲೆಯಿಂದ ಕಾಲಿನವರೆಗೆ ಬಗೆಬಗೆದು ತೋರಿಸಿದಳು. ಬಟ್ಟೆಯೆಲ್ಲ ಮಂಜಿನಂತೆ ಕರಗಿ ಒಳಗೆ ಒಂದು ಸಣ್ಣ ಮಗು ಕೈ ಮಡಚಿ ಮಲಗಿತ್ತು.

“ಹಲ್ಲೆಲ್ಲಾ ಚೆನ್ನಾಗಿದೆ ಮೇಡಂ, ಒಂದೂ ಬಿದ್ದಿಲ್ಲ. ಬೀಳೋ ವಯಸ್ಸೂ ಅಲ್ಲ” ಎಂದಳು ಹುಡುಗಿ. ಚಿತ್ರ ಎದೆ ದಾಟಿತು, ಮಂಡಿ ದಾಟಿತು. “ಅರೆ, ಇದೇನಿದು? ಕಾಲ ಹತ್ರ… ಹಲ್ಲಿದು! ಹಾಲುಹಲ್ಲು!”

ಕರೀ ಪರದೆಯ ಮೇಲೆ ಅಕ್ಕಿಕಾಳಿನಷ್ಟು ಬೆಳ್ಳಗೆ ಅದು ಹೊಳೆಯಿತು. ಇಷ್ಟು ವರ್ಷ ಕಣ್ಣು ಮುಚ್ಚಿ ನೋಡಿದ್ದನ್ನು ಸೂಜಿಯಕ್ಕ ಈಗ ಕಣ್ಣು ತೆರೆದು ನೋಡಿದಳು. ಒಂದು ಮೂಲೆ ಚಕ್ಕೆ ಎದ್ದದ್ದೂ ಕಾಣುತ್ತಿತ್ತು.

ಮೇಡಂ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದರು. ಆಮೇಲೆ ಯಾರಿಗೂ ಅಲ್ಲದಂತೆ ಹೇಳಿದರು. “ಇವನದ್ದಲ್ಲ. ಇವನ ಬಾಯಲ್ಲಿ ಎಲ್ಲಾ ಇವೆ. ಇವನಿಗಿಂತ ದೊಡ್ಡ ಮಗುವಿಂದು. ಒಬ್ಬ ತಾಯಿ… ಮೊದಲು ಇನ್ನೊಂದು ಮಗುವನ್ನ ಕಳ್ಕೊಂಡಿದ್ದಳೇನೋ. ಅದು ಅವಳಿಗೆ ಸಿಕ್ಕಲೇ ಇಲ್ವೇನೋ. ಇದ್ದಿದ್ದು ಇದೊಂದೇ ಇರ್ಬೇಕು.”

ತಿರುಗಿ ನೋಡಿದಾಗ ಸೂಜಿಯಕ್ಕನ ಮುಖವೆಲ್ಲ ಒದ್ದೆಯಾಗಿತ್ತು. ಮೇಡಂ ಅವಳ ಹೆಗಲು ಮುಟ್ಟಿದರು. ಅವಳ ದುಃಖ ಅವರಿಗೆ ಗೊತ್ತಿತ್ತು. ಹಾಗಾಗಿ ಕಾರಣವನ್ನೂ ಬಲ್ಲೆ ಎಂದುಕೊಂಡರು.

ಆ ಹಲ್ಲಿನ ಸುದ್ದಿ ಕಾಡ್ಗಿಚ್ಚಿನಂತೆ ಹಬ್ಬಿತು. ಮ್ಯೂಸಿಯಮ್ಮಿನ ಹಿರಿಯರು ಸಭೆ ಸೇರಿದರು. ಹಲ್ಲು ಪುಟ್ಟನ ಅಕ್ಕನದ್ದೋ ಅಣ್ಣನದ್ದೋ ಎಂದು ತಿಳಿಯಬೇಕು, ತಾಯಿಯಿಂದ ಮಕ್ಕಳಿಗೆ ಇಳಿದು ಬರುವ ಗುರುತನ್ನು ಹೋಲಿಸಿ ಇಬ್ಬರಿಗೂ ತಾಯಿ ಒಬ್ಬಳೇ ಎಂದು ತೋರಿಸಬೇಕು. ಅದಕ್ಕೆ ಪುಟ್ಟನ ಮೂಳೆಯ ಒಂದು ಚೂರು ಸಾಕು, ಹಲ್ಲು ಮಾತ್ರ ಇಡಿಯಾಗಿ ಬೇಕು. ಅಷ್ಟು ಚಿಕ್ಕ ಹಲ್ಲನ್ನು ಪೂರ್ತಿ ಪುಡಿ ಮಾಡಿದರೇ ಪರೀಕ್ಷೆ ಸಾಧ್ಯ. ಅಲ್ಲಿಯವರೆಗೆ ಪುಟ್ಟನ ಕೋಣೆಗೆ ಬೀಗ, ಬೀಗಕ್ಕೆ ಮೊಹರು.

ಮನೆಯಲ್ಲಿ ಊಟಕ್ಕೆ ಕೂತಾಗ ಚಿಕ್ಕವಳು ಮೊಬೈಲಿನಿಂದ ಓದಿದಳು.

“ಅಮ್ಮಾ, ನಿನ್ನ ಪುಟ್ಟ ಫೇಮಸ್ ಆಗ್ಬಿಟ್ಟ! ಕೇಳು, ‘ಸಾವಿರಾರು ವರ್ಷ ಒಣಗದ ತಾಯಿಯ ಕಣ್ಣೀರು.’”

“ಕಣ್ಣೀರೂ ಸ್ಕ್ಯಾನಲ್ಲಿ ಕಾಣ್ತದೇನು?” ಎಂದ ಅವಳಪ್ಪ, ತುತ್ತು ಕಲಸುತ್ತ.

“ಕಣ್ಣೀರಲ್ಲಪ್ಪಾ, ಹಲ್ಲು. ಬೇರೆ ಮಗುವಿನ ಹಾಲುಹಲ್ಲು ಸಿಕ್ಕಿದೆಯಂತೆ. ಕಾಲ ಹತ್ರ, ಬಟ್ಟೆ ಮಡಿಕೆ ಒಳಗೆ.”

ಕಲಸುತ್ತಿದ್ದ ಕೈ ನಿಂತಿತು. ಅವನು ತಲೆ ಎತ್ತಿ ಹೆಂಡತಿಯನ್ನು ನೋಡಿದ. ಅವಳು ತಟ್ಟೆಯಿಂದ ಕಣ್ಣೆತ್ತಲಿಲ್ಲ. ಮೂವತ್ತು ವರ್ಷ ಜೊತೆಗೆ ಬಾಳಿದವರಿಗೆ ಅಷ್ಟು ಸಾಕು. ಅವನು ಎದ್ದು ಹೋಗಿ ಕೈ ತೊಳೆದ. ಬೆನ್ನು ತಿರುಗಿಸಿಕೊಂಡೇ ಹೇಳಿದ.

“ಡಬ್ಬಿ ತೊಳೆಯುವಾಗ ಕಳೆದುಹೋಯ್ತು ಅಂದಿದ್ದೆ.”

“ಅಂದಿದ್ದೆ.”

“ಟಾರ್ಚ್ ಹಿಡ್ಕೊಂಡು ಮಂಚದ ಕೆಳಗೆಲ್ಲಾ ಹುಡುಕಿದ್ದೆ ನಾನು. ಬಚ್ಚಲ ತೂತಿಗೂ ಕೈ ಹಾಕಿದ್ದೆ.”

“ಗೊತ್ತು.”

“ನೀನೂ ನನ್ನ ಜೊತೆ ಹುಡುಕಿದ್ದೆಯಲ್ಲೇ!”

“ಏನಾಗ್ತಿದೆ ಇಲ್ಲಿ? ಯಾವ ಹಲ್ಲು?” ಎಂದು ಚಿಕ್ಕವಳು ಇಬ್ಬರ ಮುಖವನ್ನೂ ನೋಡಿದಳು. ಅಪ್ಪನೇ ಹೇಳಿದ. ಹೇಳುವಾಗ ಅವನ ದನಿ ಯಾವುದೋ ಯಂತ್ರದ ಕೆಟ್ಟ ಭಾಗವನ್ನು ಗಿರಾಕಿಗೆ ವಿವರಿಸಿದಂತಿತ್ತು. ಕೇಳಿ ಮುಗಿದ ಮೇಲೆ ಹುಡುಗಿ ಮೊಬೈಲನ್ನು ಕವುಚಿಟ್ಟಳು.

“ಮೇಡಂಗೆ ಹೇಳ್ಬಿಡು. ವಾಪಸ್ ಕೊಡ್ತಾರೆ.”

“ಎಲ್ಲಿ ಕೊಡ್ತಾರೆ?” ಎಂದ ಅಪ್ಪ. “ಇವಳು ಹೇಳಿದ್ದು ನಿಜವಾ ಸುಳ್ಳಾ ಅಂತ ನೋಡೋಕೂ ಅದನ್ನೇ ಪುಡಿ ಮಾಡ್ಬೇಕು. ಮೇಲೆ ಇವಳ ಕೆಲಸ ಹೋಗ್ತದೆ, ಕೇಸೂ ಬೀಳ್ತದೆ. ಹೇಳಿದ್ರೂ ಪುಡಿ, ಹೇಳದಿದ್ರೂ ಪುಡಿ.”

“ಬಿಚ್ಚೋರು ಯಾರು?”

“ನಾನೇ” ಎಂದಳು ಸೂಜಿಯಕ್ಕ. “ಆ ಬಟ್ಟೆ ನನ್ನ ಕೈಗೆ ಮಾತ್ರ ಬಗ್ಗೋದು.”

ಹುಡುಗಿಯ ಕಣ್ಣು ಮಿಂಚಿತು. “ಹಾಗಾದ್ರೆ ಇಷ್ಟಕ್ಕೆಲ್ಲ ಯಾಕೆ ಮುಖ ಬಾಡಿಸ್ಕೊಂಡು ಕೂತಿದೀರಾ ಇಬ್ರೂ? ಗವಸಿನೊಳಗೆ ಇನ್ನೊಂದು ಹಲ್ಲು ಇಟ್ಕೊಂಡು ಹೋಗು. ಅದನ್ನ ತೆಗಿ, ಇದನ್ನ ಕೊಡು. ನಂದು ಕೊಟ್ಬಿಡಮ್ಮಾ. ನನ್ನ ಹಲ್ಲು ಪುಡಿಯಾದ್ರೆ ಆಗ್ಲಿ, ನಾನೇ ಇದೀನಲ್ಲ ನಿನ್ನ ಮುಂದೆ! ತಾ, ನೋಡೋಣ. ನಂದು ಎಲ್ಲಿಟ್ಟಿದೀಯ?”

ಆ ಮಾತಿನಲ್ಲಿ ಎಳ್ಳಷ್ಟೂ ಕೊಂಕಿರಲಿಲ್ಲ. ಕೊಡುವ ಉತ್ಸಾಹದಲ್ಲಿ ಹುಡುಗಿ ಅರ್ಧ ಎದ್ದೂ ನಿಂತಿದ್ದಳು, ಡಬ್ಬಿ ತರಲು.

ಸೂಜಿಯಕ್ಕನಿಗೆ ಒಂದೊಂದೂ ನೆನಪಾಯಿತು. ಚಿಕ್ಕವಳು ಅಂಗೈಯಲ್ಲಿ ರಕ್ತದ ಹಲ್ಲು ಹಿಡಿದು, “ಬಿತ್ತು ಬಿತ್ತು!” ಎಂದು ಕುಣಿಯುತ್ತ ಓಡಿಬಂದಿದ್ದು. ತಾನು ಪಾತ್ರೆಯಿಂದ ಕೈ ತೆಗೆಯದೆ, “ಹೋಗು, ಬಾಯಿ ಮುಕ್ಕಳಿಸು” ಎಂದಿದ್ದು. ಆ ಹಲ್ಲು ಕಿಟಕಿಯ ಕಟ್ಟೆಯ ಮೇಲೆ ಕೆಲವು ದಿನ ಬಿದ್ದಿದ್ದು. ಆಮೇಲೆ ಯಾವತ್ತೋ ಕಸದ ಜೊತೆ ಗುಡಿಸಿಕೊಂಡು ಹೋದದ್ದು. ಹಾಗೇ ಎರಡನೆಯದ್ದು. ಮೂರನೆಯದ್ದನ್ನು ತೋರಿಸಲು ಅವಳು ಓಡಿಬಂದಿರಲಿಲ್ಲ.

“ಅಮ್ಮಾ? ಒಂದಾದ್ರೂ ಇರ್ತದಲ್ವಾ?”

ಸೂಜಿಯಕ್ಕ ಇಲ್ಲವೆಂದು ತಲೆಯಾಡಿಸಿದಳು.

ಹುಡುಗಿ ನಿಂತಲ್ಲೇ ನಿಂತಿದ್ದಳು. ಆಮೇಲೆ ತನ್ನ ತಟ್ಟೆಯನ್ನು ಎತ್ತಿಕೊಂಡಳು, ಅಪ್ಪನ ತಟ್ಟೆಯನ್ನೂ ಅದರ ಮೇಲಿಟ್ಟಳು. “ಹೋಗ್ಲಿ ಬಿಡಿ” ಎಂದಳು.

ಹುಟ್ಟಿದಾಗಿನಿಂದ ಅಮ್ಮನನ್ನು ‘ನೀನು’ ಎಂದೇ ಕರೆದಿದ್ದ ಮಗಳು ಅಂದು ಮೊದಲ ಸಲ ‘ಬಿಡಿ’ ಎಂದಳು. ಬೈದಿದ್ದರೆ ಸೂಜಿಯಕ್ಕ ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಈ ಮರ್ಯಾದೆಯನ್ನು ಎಲ್ಲಿ ಹಾಕಿಕೊಳ್ಳುವುದು?

ಬಿಚ್ಚುವ ದಿನ ಬಂತು. ಅದಕ್ಕೆ ಮೊದಲು, ಪಕ್ಕದ ಮನೆಯ ಮಗುವಿನ ಅಲ್ಲಾಡುತ್ತಿದ್ದ ಹಲ್ಲನ್ನು ಸೂಜಿಯಕ್ಕ ಎರಡು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು ನಿಜ. ಕೇಳಲು ಬಾಯಿ ಬರಲಿಲ್ಲ. ಇನ್ನೊಬ್ಬ ತಾಯಿಯ ಮಗುವಿನದ್ದನ್ನು ಪುಡಿ ಮಾಡಲು ಕೊಡುವುದೆಂದರೆ ಹೇಗೆ?

ಪ್ರಯೋಗಾಲಯದಿಂದ ಬಂದಿದ್ದವನು ಮೆದು ಮಾತಿನ ಮನುಷ್ಯ. ಕೋಣೆಯಲ್ಲಿದ್ದ ಎಲ್ಲರ ಕೆನ್ನೆಯ ಒಳಭಾಗವನ್ನೂ ಹತ್ತಿಯ ಕಡ್ಡಿಯಿಂದ ಒರೆಸಿ, ಒಂದೊಂದನ್ನೂ ಬೇರೆ ಬೇರೆ ಕೊಳವೆಗೆ ಹಾಕಿಕೊಂಡ. “ನಮ್ಮಲ್ಲಿ ಯಾರ ಕೈಯಾದ್ರೂ, ಉಸಿರಾದ್ರೂ ಹಲ್ಲಿಗೆ ತಗುಲಿದ್ರೆ ಪರೀಕ್ಷೆಯಲ್ಲಿ ಹಳೇ ಕಾಲದವರ ಬದಲು ನಾವೇ ಕಾಣಿಸ್ಕೊಳ್ತೀವಿ. ಹಾಗಾದ್ರೆ ಗೊತ್ತಾಗ್ಲಿ ಅಂತ ಇದು” ಎಂದ. “ಅಂದ್ರೆ ನನ್ನ ಎಂಜಲು ತಗುಲಿದ್ರೆ ಪುಟ್ಟಂಗೆ ನಾನೇ ಅಣ್ಣ ಆಗ್ಬಿಡ್ತೀನಾ?” ಎಂದು ಬಾಗಿಲಲ್ಲಿದ್ದ ಬೀಗದಣ್ಣ ಕೇಳಿದ. ಎಲ್ಲರೂ ನಕ್ಕರು.

ಮೇಡಂ ದೀಪ ಹಿಡಿದು ಪಕ್ಕದಲ್ಲಿ ನಿಂತರು, ಇನ್ನೊಂದು ಕೈಯಲ್ಲಿ ಭೂತಗನ್ನಡಿ. ಸೂಜಿಯಕ್ಕ ತನ್ನದೇ ಹೊಲಿಗೆಯ ಒಂದು ಎಳೆಯನ್ನು ಚಿಮಟದಿಂದ ಹಿಡಿದು ಎಳೆದಳು. ಮುದುಕಿ ಕಲಿಸಿದಂತೆಯೇ ಅದು ನೀರಿನಂತೆ ಸರಿದು ಕೈಗೆ ಬಂತು. ಬಟ್ಟೆ ಮಿಸುಕಲೂ ಇಲ್ಲ. ಇನ್ನೊಂದು ಎಳೆ. ಮತ್ತೊಂದು. ಆಮೇಲೆ ದಾರ ತಡೆಯಿತು.

ಭೂತಗನ್ನಡಿ ಅಲ್ಲೇ ನಿಂತಿತು. ಮೇಡಂ ಬಗ್ಗಿ ನೋಡಿದರು. ಹಳೆಯ ನಾರಿನ ಮೇಲೆ, ಮ್ಯೂಸಿಯಮ್ಮಿನ ರೇಷ್ಮೆದಾರದಲ್ಲಿ, ಎರಡು ಪುಟ್ಟ ಗಂಟುಗಳು. ಈ ಕೋಣೆಯಲ್ಲಿ ಅಷ್ಟು ಸಣ್ಣ ಕೆಲಸ ಮಾಡಬಲ್ಲ ಕೈ ಒಂದೇ ಇತ್ತು. ಆ ಕೈ ಯಾವತ್ತೂ ಗಂಟು ಹಾಕುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಸೂಜಿಯಕ್ಕ ತಲೆ ಎತ್ತಲಿಲ್ಲ.

“ಗಂಟಿದ್ರೆ ಕತ್ತರಿಸ್ಬಿಡಿ” ಎಂದ ಪ್ರಯೋಗಾಲಯದವನು, ಕೊಳವೆಯ ಮುಚ್ಚಳ ತೆರೆಯುತ್ತ.

ಮೇಡಂ ಭೂತಗನ್ನಡಿಯನ್ನು ಕೆಳಗಿಟ್ಟರು. ಕತ್ತರಿಯನ್ನು ಎತ್ತಿಕೊಟ್ಟರು.

ಗಂಟಿನ ಜೊತೆಗೆ ಉಗುರಿನಷ್ಟು ಬಟ್ಟೆ ಬೂದಿಯಾಗಿ ಉದುರಿತು. ಒಳಗೆ ಹಲ್ಲು ಇಟ್ಟಂತೆಯೇ ಇತ್ತು. ಒಂದಿಷ್ಟೂ ಹಳದಿಯಾಗಿರಲಿಲ್ಲ. ಸೂಜಿಯಕ್ಕ ಅದನ್ನು ಚಿಮಟದಲ್ಲಿ ಎತ್ತಿದಳು. ಕೊಳವೆ ಒಂದು ಗೇಣು ದೂರದಲ್ಲಿತ್ತು. ಅವಳು ಚಿಮಟವನ್ನು ಕೆಳಗಿಟ್ಟಳು, ಬಲಗೈಯ ಗವಸನ್ನು ಕಳಚಿದಳು, ಹಲ್ಲನ್ನು ಬರಿಗೈಯಲ್ಲಿ ಎತ್ತಿ ಅಂಗೈಗೆ ಹಾಕಿಕೊಂಡು ಮುಷ್ಟಿ ಮುಚ್ಚಿದಳು.

“ಅಯ್ಯೋ! ಏನ್ಮಾಡ್ತಿದೀರಾ!”

ಏನೂ ಆಗಲಿಲ್ಲ. ಅವಳು ಕಾದಳು. ಹಲ್ಲು ಬೆಚ್ಚಗಾಗಲಿಲ್ಲ, ಭಾರವೂ ಆಗಲಿಲ್ಲ. ಇಷ್ಟು ವರ್ಷ ಅದು ಮಗಳು ಎಂದುಕೊಂಡಿದ್ದಳು. ಕೈಯಲ್ಲಿ ಅದು ಒಂದು ಹರಳಿನಂತಿತ್ತು. ನುಂಗಿಬಿಟ್ಟರೆ? ಬಂದ ಹೊಟ್ಟೆಗೇ ಹೋಗಲಿ. ಮುಷ್ಟಿ ಮುಖದ ಬಟ್ಟೆಯವರೆಗೂ ಏರಿತು.

“ಅಕ್ಕಾ” ಎಂದರು ಮೇಡಂ, ಅವಳಿಗಷ್ಟೇ ಕೇಳುವಂತೆ. “ಕೊಟ್ಬಿಡಿ ಅಕ್ಕಾ.”

ಕೇಳಿದಾಗ ಕೊಟ್ಟೇ ಅಭ್ಯಾಸವಾದ ಕೈ ಅದು. ಬೆರಳುಗಳು ಬಿಡಿಸಿಕೊಂಡವು. ಹಲ್ಲು ಕೊಳವೆಯ ತಳಕ್ಕೆ ಬಿದ್ದಾಗ ಟಿಣ್ ಎಂದಿತು.

ವರದಿ ಬರಲು ಬಹಳ ದಿನ ಹಿಡಿಯಿತು. ಬಂದಾಗ ಮೇಡಂ ಬಾಗಿಲು ಹಾಕಿ ಅವಳನ್ನು ಎದುರಿಗೆ ಕೂರಿಸಿಕೊಂಡರು. ಪುಟ್ಟನಿಗೂ ಹಲ್ಲಿಗೂ ಹೋಲಿಕೆ ಕಾಣಲಿಲ್ಲ. ಹಲ್ಲಿನ ಪುಡಿಯಲ್ಲಿ ಹಳೇ ಕಾಲದ ಯಾವ ಗುರುತೂ ಸಿಗಲಿಲ್ಲ. ಸಿಕ್ಕ ಗುರುತೆಲ್ಲ ಒಬ್ಬರದ್ದಕ್ಕೇ ಹೊಂದಿತು.

“ಬಟ್ಟೆ ಬಿಚ್ಚಿದ ಕೆಲಸದವಳದ್ದಕ್ಕೆ” ಎಂದರು ಮೇಡಂ. ಕಾಗದದ ಮೇಲಿನಿಂದ ಅವರು ಕಣ್ಣೆತ್ತಲಿಲ್ಲ. “ಗವಸಿಲ್ಲದೆ ಮುಟ್ಟಿದ್ರಿಂದ ಹಲ್ಲು ಕೆಟ್ಟಿದೆ, ಪರೀಕ್ಷೆಗೆ ಬೆಲೆಯಿಲ್ಲ ಅಂತ ಬರೆದಿದ್ದಾರೆ. ಪೂರ್ತಿ ಪುಡಿ ಮುಗಿದದ್ದರಿಂದ ಇನ್ನೊಮ್ಮೆ ಮಾಡೋ ಹಾಗೂ ಇಲ್ಲ.”

ತಾಯಿಯ ಗುರುತು ಮಗಳಲ್ಲಿ ಇರದೆ ಇನ್ನೆಲ್ಲಿ ಇರುತ್ತದೆ? ಅದನ್ನು ಅವರು ಕೊಳೆ ಎಂದು ಓದಿದ್ದರು. ಲೋಕದಲ್ಲಿ ದೊಡ್ಡವಳ ಬಗ್ಗೆ ಯಾರಾದರೂ ಆಡಿದ ಕೊನೆಯ ಮಾತು ಅದು.

“ಹೌದು ಮೇಡಂ” ಎಂದಳು ಸೂಜಿಯಕ್ಕ. “ನನ್ನ ಕೈ ತಾಗಿಯೇ ಹಾಳಾಯ್ತು.”

ಮೇಡಂಗೆ ನಿಜ ಗೊತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂದು ಮೇಡಂಗೂ ಗೊತ್ತಿತ್ತು. ಬಾಯಿ ಬಿಟ್ಟರೆ ಇಬ್ಬರ ಕೆಲಸವೂ ಹೋಗುತ್ತಿತ್ತು, ಹಲ್ಲು ಬರುತ್ತಿರಲಿಲ್ಲ. ಹೊರಗೆ ಬೀಗದಣ್ಣ ಯಾರಿಗೋ ಬೂಟು ಬಿಡಲು ಹೇಳುತ್ತಿದ್ದ.

“ಮೇಲಿನವರು ಕೇಳ್ತಿಲ್ಲ” ಎಂದರು ಮೇಡಂ ಕೊನೆಗೆ. “ಇನ್ಮೇಲೆ ನಿಮಗೆ ಪರದೆ, ಸಮವಸ್ತ್ರದ ಹೊಲಿಗೆ ಮಾತ್ರ. ಪುಟ್ಟನ ಕಾಲನ್ನ ಮುಚ್ಚೋದು ಮಾತ್ರ ನೀವೇ ಮುಚ್ಚಿ. ಅಷ್ಟು ಕೇಳ್ಕೊಂಡಿದೀನಿ.”

ಮನೆಯಲ್ಲಿ ಗಂಡ ಒಂದೇ ಮಾತು ಕೇಳಿದ. “ಚೂರಾದ್ರೂ ಉಳೀತಾ?”

“ಇಲ್ಲ.”

ಅವನು ತಲೆಯಾಡಿಸಿದ. ಹೊಳೆಗೆ ಬಿಟ್ಟಿದ್ದರೆ ಎಂದು ಅವನು ಅನ್ನಲಿಲ್ಲ. ಅನ್ನದೇ ಇದ್ದದ್ದು ಮನೆ ತುಂಬ ಇತ್ತು. ಚಿಕ್ಕವಳು ಅಡಿಗೆಮನೆಯಿಂದ ಇಣುಕಿ, “ಊಟ ಮಾಡ್ತೀರಾ?” ಎಂದಳು. ಈಗೀಗ ಅವಳು ಅಮ್ಮನ ಬಟ್ಟೆ ಮಡಚಿಡುತ್ತಾಳೆ, ಮಾತ್ರೆ ನೆನಪಿಸುತ್ತಾಳೆ, ನೀವು ತಾವು ಎನ್ನುತ್ತಾಳೆ, ದೂರದಿಂದ ಬಂದ ನೆಂಟರೊಡನೆ ಇರುವಂತೆ ಯಾವುದರಲ್ಲೂ ಕಡಿಮೆ ಮಾಡದೆ ಇರುತ್ತಾಳೆ. “ನೀನು ಅನ್ನೇ” ಎಂದು ಸೂಜಿಯಕ್ಕ ಒಮ್ಮೆ ಬೇಡಿಕೊಂಡಳು. “ಬಾಯಿಗೆ ಬರ್ತಿಲ್ಲಮ್ಮಾ” ಎಂದಳು ಹುಡುಗಿ, ಸಿಟ್ಟಿಲ್ಲದೆ.

ಕೊನೆಯ ಸಲ ಪುಟ್ಟ ಅವಳ ಮೇಜಿನ ಮೇಲೆ ಮಲಗಿದ. ಮಡಿಕೆಯೊಳಗಿನ ಗೂಡು ಖಾಲಿಯಾಗಿತ್ತು. ಬಟ್ಟೆ ಉದುರಿದ ಕಡೆ ಅವಳು ಅದೇ ಬಣ್ಣದ ತೆಳು ಜಾಳಿಗೆಯ ತುಂಡನ್ನು ಹಾಸಿ, ಬಾಗಿದ ಸೂಜಿಯಿಂದ ಒಂದೊಂದೇ ಎಳೆ ಹಾಯಿಸಿದಳು. ಹಲಗೆಯ ಗೋಡೆಯಾಚೆ ಮಕ್ಕಳ ಸಾಲು ಬಂದು ನಿಂತ ಸದ್ದಾಯಿತು.

“ಮಿಸ್, ಪೆಟ್ಟಿಗೆ ಖಾಲಿ! ಮಮ್ಮಿ ಎಲ್ಲಿ ಹೋಯ್ತು?”

“ಹುಷಾರಿಲ್ಲ ಅದಕ್ಕೆ” ಎನ್ನುತ್ತಿದ್ದ ಬೀಗದಣ್ಣ. “ಒಳಗೆ ಮಲಗಿದೆ.”

ಸೂಜಿಯಕ್ಕ ಕೊನೆಯ ಎಳೆಗೆ ಬಂದಳು. ಗಂಟು ಹಾಕಲಿಲ್ಲ. ದಾರದ ತುದಿಯನ್ನು ಯಾರ ಕೈಗಾದರೂ ಸಿಗುವಂತೆ ಹೊರಗೆ ಬಿಟ್ಟು, ದೀಪ ಆರಿಸಿದಳು. ಪರದೆಗಳ ಕೋಣೆಗೆ ಹೋಗುವ ದಾರಿ ಅವಳಿಗೆ ಗೊತ್ತಿರಲಿಲ್ಲ. ಬೀಗದಣ್ಣನನ್ನು ಕೇಳಿಕೊಂಡು ಹೋದಳು.